ಕಾರಿನ ಅಸಲಿ ಹಸಿರು, ಭಾವನ ಹಳೆ ಕಣ್ಣು

ನೀರುದೋಸೆ ಹೊಯ್ಯುವ ಕಾವಲಿಗೆ ಒಂದು ಮುಚ್ಚಳವಿರುತ್ತದಲ್ಲ, ನಡುವೆ ಮರದ ಹಿಡಿ, ವರ್ಷಗಟ್ಟಲೆ ಬೆಂಕಿ ತಿಂದು ಕಂದಿಹೋದ ಅಂಚು, ಅಂಥದ್ದೊಂದು ಮುಚ್ಚಳ ನನ್ನ ಅಡುಗೆಮನೆಯಲ್ಲಿಯೂ ಇತ್ತು. ಒಂದು ಬೆಳಿಗ್ಗೆ ಹಿಟ್ಟು ಕಲಸಿ, ಕಾವಲಿ ಕಾಯಿಸಿ, ಕೈಚಾಚಿದರೆ ಅದು ಮೊಳೆಯಲ್ಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಹೊರಗೆ ಬಂದರೆ ಶೆಡ್ಡಿನ ಮುಂದೆ ಬಿಸಿಲಿಗೆ ಒಣಗಲು ಇಟ್ಟಿದ್ದಾರೆ, ಅದರ ಮೈಮೇಲೆ ಸಾಲಾಗಿ ನಾಲ್ಕು ಬಗೆಯ ಹಸಿರು ಪಟ್ಟೆ! ಪಕ್ಕದಲ್ಲಿ ನಮ್ಮ ಯಜಮಾನರು ಕುಕ್ಕರಗಾಲಿನಲ್ಲಿ ಕುಳಿತು, ಕೂಸಿಗೆ ಮೊದಲ ಹಲ್ಲು ಮೂಡಿತೇ ಎಂದು ನೋಡುವವರ ಹಾಗೆ ಬಗ್ಗಿ ನೋಡುತ್ತಿದ್ದರು. "ಎಂತ ಇದು?" ಎಂದೆ. "ಸ್ವಲ್ಪ ದೂರ ನಿಲ್ಲು ಮಾರಾಯ್ತಿ, ನಿನ್ನ ನೆರಳು ಬೀಳ್ತದೆ" ಎಂದರು. ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ, ನನ್ನ ನೆರಳು ಬಿದ್ದರೆ ಕೆಡುವಂಥ ವಸ್ತುವೊಂದು ಈ ಮನೆಯಲ್ಲಿ ಹುಟ್ಟಿಕೊಂಡಿದೆಯೆಂದು ನನಗೆ ತಿಳಿದದ್ದು ಆವತ್ತು.

ಆ ವಸ್ತು ಒಂದು ಕಾರು. ಕಾರಿನ ಮೇಲೆ ನನಗೆ ದ್ವೇಷವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ತಪ್ಪು ತಿಳಿಯಬಾರದು. ಎರಡೇ ಬಾಗಿಲು, ಎರಡೇ ಸೀಟು, ಮಳೆ ಬಂದರೆ ಎಳೆದುಕೊಳ್ಳುವ ಬಟ್ಟೆಯ ಮಾಡು, ಉದ್ದ ಮೂಗು. ಬಿಲಾತಿಯಲ್ಲಿ ಪಂದ್ಯಕ್ಕೆಂದು ಮಾಡಿದ ಗಾಡಿ, ಬರುವಾಗ ಬಣ್ಣ ಹಸಿರಂತೆ. ಘಟ್ಟದ ಮೇಲಿನ ಕಾಫಿ ತೋಟವೊಂದರ ದೊರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಟಾಗ ಅದನ್ನು ಕೊಂಡು ನಮ್ಮೂರು ಅಜ್ಜಾವರಕ್ಕೆ ಇಳಿಸಿದವರು ನನ್ನ ಗಂಡನ ಅಣ್ಣ, ನಾನು ಭಾವ ಎಂದು ಕರೆಯುವವರು. ಆಗ ಅವರಿಗೆ ಮೀಸೆ ಚಿಗುರಿದ ಪ್ರಾಯ. ಗೊಬ್ಬರ ಹೇರಲಾಗದ, ಹುಲ್ಲು ತುಂಬಲಾಗದ, ಮನೆಮಂದಿಯನ್ನು ಕೂರಿಸಲಾಗದ ಈ ಗಾಡಿ ಎಂತದಕ್ಕೆ ಎಂದು ಊರೆಲ್ಲ ನಕ್ಕಿತಂತೆ. ಒಂದು ಮದುವೆಯಲ್ಲಿ ಮದುಮಕ್ಕಳನ್ನು ಅದರಲ್ಲಿ ಕರೆತಂದದ್ದೇ ತಡ, ನಕ್ಕವರೇ ತಮ್ಮ ಮನೆಯ ದಿಬ್ಬಣಕ್ಕೆ ಅದೇ ಬೇಕೆಂದು ಸಾಲು ನಿಂತರಂತೆ. ಆಮೇಲೆ ಬಿಡಿಭಾಗ ಸಿಗದೆ ಕಾರು ಶೆಡ್ಡು ಸೇರಿತು, ಅದರ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು.

ನಾನು ಅಕ್ಕ ಎನ್ನುತ್ತಿದ್ದ ಅವರ ಹೆಂಡತಿ ತೀರಿಕೊಂಡ ಮೇಲೆ ಭಾವ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಉಳಿದಿರುವ ಆಸೆ ಒಂದೇ, ಅದನ್ನು ಅವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು: ಆ ಕಾರನ್ನು ತಾನೇ ಬಿಟ್ಟುಕೊಂಡು ಇನ್ನೊಮ್ಮೆ ಸುಳ್ಯದ ಪೇಟೆಗೆ ಹೋಗಬೇಕು. ನಮ್ಮ ಯಜಮಾನರು ಸಹಕಾರಿ ಸಂಘದ ಕೆಲಸದಿಂದ ನಿವೃತ್ತರಾದದ್ದೇ, ಅಣ್ಣನ ಆಸೆಯನ್ನು ನೆಪ ಮಾಡಿಕೊಂಡು ಶೆಡ್ಡು ಹೊಕ್ಕರು. ನ್ಯಾಯವಾಗಿ ಹೇಳಬೇಕೆಂದರೆ ಕೆಲಸ ಚೆನ್ನಾಗಿಯೇ ಆಯಿತು. ಇಂಜಿನ್ ಉಸಿರಾಡಿತು, ಬ್ರೇಕು ಹಿಡಿಯಿತು, ಟಿಂಕರಿಂಗ್ ಮುಗಿದು ಮೈತುಂಬ ಪ್ರೈಮರಿನ ಬೂದುಬಣ್ಣ ಬಳಿದುಕೊಂಡು ಕಾರು ಅಂಗಳದಲ್ಲಿ ನಿಂತಿತು. ಇನ್ನು ಬಣ್ಣವೊಂದು ಹೊಡೆದರೆ ಆಯಿತು ಎಂದು ನಾನು ತಿಳಿದೆ. ನನ್ನಷ್ಟು ದಡ್ಡಿ ಮತ್ತೊಬ್ಬಳಿಲ್ಲ.

ಯಾಕೆಂದರೆ ಅಷ್ಟರಲ್ಲಿ ಪುತ್ತೂರಿನ ಹಲ್ಲಿನ ಡಾಕ್ಟರೊಬ್ಬರು ನಮ್ಮ ಮನೆಗೆ ಬರಲು ಸುರುಮಾಡಿದ್ದರು. ಹಳೆ ವಾಹನಗಳ ಹುಚ್ಚಿನವರು ಅವರು, ಭಾನುವಾರ ಬಂತೆಂದರೆ ನಮ್ಮ ಅಂಗಳದಲ್ಲಿ ಹಾಜರು. ಕೃತಕ ಹಲ್ಲು ಕೂರಿಸುವಾಗ ರೋಗಿಯ ಉಳಿದ ಹಲ್ಲುಗಳ ಬಣ್ಣಕ್ಕೆ ಹೊಂದಿಸಲು ಮಾದರಿ ಹಲ್ಲುಗಳ ಒಂದು ಸಾಲನ್ನೇ ಇಟ್ಟುಕೊಂಡಿರುತ್ತಾರಂತೆ. ಬಿಳಿಯಲ್ಲಿ ಅಷ್ಟು ಬಗೆ ಕಂಡವರಿಗೆ ಹಸಿರಿನಲ್ಲಿ ಎಷ್ಟು ಬಗೆ ಕಾಣಲಿಕ್ಕಿಲ್ಲ, ನೀವೇ ಲೆಕ್ಕಹಾಕಿ. ಮೊದಲ ದಿನವೇ ನನ್ನ ಕೈಯ ಕಾಫಿ ಕುಡಿಯುತ್ತ, "ಅಕ್ಕ, ಇದಕ್ಕೆ ಒರಿಜಿನಲ್ ಬಣ್ಣವೇ ಆಗ್ಬೇಕು. ಫ್ಯಾಕ್ಟರಿಯಿಂದ ಬರುವಾಗ ಎಂತ ಇತ್ತೋ ಅದೇ. ಇಲ್ಲದಿದ್ರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನ ಇಲ್ಲ" ಎಂದರು. ಮಾತಾಡುವಾಗ ಅವರ ತಲೆಗೂದಲು ಕಾಡಿಗೆಯಷ್ಟು ಕಪ್ಪಗೆ ಮಿಂಚುತ್ತಿತ್ತು, ಬುಡದಲ್ಲಿ ಮಾತ್ರ ಒಂದು ಬೆಳ್ಳಿಗೆರೆ. ಫ್ಯಾಕ್ಟರಿಯಿಂದ ಬಂದ ಬಣ್ಣ ಅಲ್ಲಿತ್ತು. ಮನೆಗೆ ಬಂದ ನೆಂಟರಲ್ಲವೇ, ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.

ಅಸಲಿತನದ ಮೇಲೆ ನಮ್ಮ ಜನರಿಗೆ ಇತ್ತೀಚೆಗೆ ಹುಟ್ಟಿರುವ ಈ ಭಕ್ತಿಯನ್ನು ಕಂಡರೆ ನನಗೆ ನಗು ಮೊದಲು ಬರುತ್ತದೋ ವಾಕರಿಕೆ ಮೊದಲು ಬರುತ್ತದೋ ಹೇಳಲಾರೆ. ಸುಳ್ಯದಿಂದ ಪುತ್ತೂರಿಗೆ ಹೋಗುವ ದಾರಿಯಲ್ಲಿ ಎಡಬಲ ನೋಡುತ್ತ ಹೋಗಿ. ಅಗೆದಲ್ಲಿ ಕೆಂಪುಕಲ್ಲು ಸಿಗುವ ನೆಲದಲ್ಲಿ ಸಿಮೆಂಟಿನ ಗೋಡೆಯೆಬ್ಬಿಸಿ, ಅದರ ಮೇಲೆ ಕೆಂಪುಕಲ್ಲಿನ ಚಿತ್ರವಿರುವ ಟೈಲ್ಸ್ ಅಂಟಿಸಿ, ಎಷ್ಟು ಸಾಂಪ್ರದಾಯಿಕವಾಗಿದೆ ನೋಡಿ ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಹಿತ್ತಲಿನ ಬಾಳೆ ಗಾಳಿಗೆ ಸೀಳಿ ಕೊಳೆಯುತ್ತಿರುತ್ತದೆ, ಮದುವೆಯೂಟಕ್ಕೆ ಬಾಳೆಲೆಯ ಚಿತ್ರ ಅಚ್ಚುಹಾಕಿದ ಕಾಗದ ಹಾಸುತ್ತಾರೆ. ತಮ್ಮ ಮನೆಯ ಹಲಸಿನ ಕಂಬವನ್ನು ಕಿತ್ತು ಮಾರಿದವರೇ, ಊಟದ ಹೋಟೆಲಿನಲ್ಲಿ ಬೇರೆ ಯಾರದೋ ಮನೆಯ ಕಂಬಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಂಥವರಿಗೆ ಸತ್ಯ ಬೇಕಾಗುವುದು ಸತ್ಯದಿಂದ ಯಾರಿಗೂ ಏನೂ ಆಗಬೇಕಾಗಿಲ್ಲದ ಜಾಗದಲ್ಲಿ ಮಾತ್ರ. ಬಳಸುವ ವಸ್ತುವಿನಲ್ಲಿ ನಕಲಿ ನಡೆಯುತ್ತದೆ. ಬಳಸದೆ ಇಟ್ಟು ಪೂಜಿಸುವುದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಇವರ ಜೀವ ಹೋಗುತ್ತದೆ.

ಹೀಗೆ ಸುರುವಾಯಿತು ಅಸಲಿ ಹಸಿರಿನ ತಲಾಶು. ಡಾಕ್ಟರು ಮೊಬೈಲು ತೆರೆದು, ಬಿಲಾತಿಯಲ್ಲಿ ಅದೇ ಜಾತಿಯ ಕಾರು ಸಾಕಿದ ಮುದುಕರೊಡನೆ ಪತ್ರವ್ಯವಹಾರ ನಡೆಸಿದರು. ಪಂದ್ಯದ ಹಸಿರು ಎಂಬ ಹೆಸರಿನ ಬಣ್ಣ ಒಂದೇ ಅಲ್ಲ, ಒಬ್ಬೊಬ್ಬ ತಯಾರಕ ಒಂದೊಂದು ಕಾಲಕ್ಕೆ ತನಗೆ ತೋಚಿದ ಹಾಗೆ ಬೆರೆಸಿದ್ದಾನೆ ಎಂದು ಆ ಮುದುಕರು ತಮ್ಮತಮ್ಮಲ್ಲೇ ಜಗಳ ಮಾಡಿಕೊಂಡಿದ್ದಾರಂತೆ. ಆ ಜಗಳವನ್ನು ಕೇಳಿ ಇವರು ಎದೆಗುಂದಬೇಕಿತ್ತು. ಬದಲಿಗೆ, ಆಹಾ ವಿಷಯ ಎಷ್ಟು ಗಹನ ಎಂದು ಇನ್ನಷ್ಟು ಹಿಗ್ಗಿದರು. ಹಳೆಯ ಕಾಲದ, ಎನ್.ಸಿ. ಎಂದು ಕರೆಯುವ ಪೇಂಟೇ ಹೊಡೆಯಬೇಕೋ ಈಗಿನ ಗಟ್ಟಿಮುಟ್ಟಾದ ಪೇಂಟು ಸಾಕೋ ಎಂಬ ಚರ್ಚೆಗೆ ಒಂದು ಇಡೀ ಚಳಿಗಾಲ ಹೋಯಿತು. ಪೇಂಟರ್ ಲೋಕೇಶ ಎರಡು ಸಲ ಬಂದು, "ಯಾವುದು ಬೇಕು ಹೇಳಿ ಮಾರಾಯ್ರೆ, ಹೇಳಿದ್ರೆ ನಾಡಿದ್ದಿಗೆ ಹೊಡೆದು ಕೊಡುದು" ಎಂದು ಕಾದು, ಮೂರನೆಯ ಸಲ ಫೋನೇ ಎತ್ತಲಿಲ್ಲ.

ಕಾರಿನ ಮೈಯಲ್ಲೇ ಎಲ್ಲಿಯಾದರೂ ಮೂಲ ಬಣ್ಣ ಉಳಿದಿರಬೇಕೆಂದು ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಸಂದಿಯಲ್ಲಿ ಬ್ಲೇಡು ಹಿಡಿದು ಕೆರೆದರು. ಮೊದಲು ಕೆಂಪು ಬಂತು, ಅದರಡಿ ಕೆನೆಬಣ್ಣ, ಅದರಡಿ ನಮ್ಮ ಗೇಟಿನ ನೀಲಿ, ಅದರಡಿ ಬರೀ ತಗಡು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಭಾವ ಕುಲುಕುಲು ನಕ್ಕರು. "ಆ ಹಸಿರು ಎಲ್ಲಿ ಸಿಗ್ತದೆ? ಮೊದಲ ಸಲ ಬಣ್ಣ ಕೊಡುವಾಗ ನಾನೇ ತಗಡು ಕಾಣುವ ತನಕ ಉಜ್ಜಿದ್ದು. ಅರ್ಧಂಬರ್ಧ ಕೆಲಸ ಮಾಡುವ ಜನ ಅಲ್ಲ ನಾನು" ಎಂದರು. ಡಾಕ್ಟರ ಮುಖ ನೋಡಬೇಕಿತ್ತು ನೀವು, ಯಾರೋ ಮನೆದೇವರ ಮೂರ್ತಿಯನ್ನು ಗುಜರಿಗೆ ಕೊಟ್ಟೆನೆಂದು ಹೇಳಿದಂತಾಗಿತ್ತು. ಬ್ಲೇಡು ಕೆಳಗಿಟ್ಟು ಅವರು ಕೇಳಿದರು: "ಹಾಗಾದ್ರೆ ಆ ಹಸಿರನ್ನು ಕಣ್ಣಾರೆ ಕಂಡವರು ಈಗ ನೀವೊಬ್ಬರೇ ಅಲ್ವಾ ಗೌಡ್ರೆ?"

ಅಲ್ಲಿಂದ ಭಾವನಿಗೆ ಸಾಕ್ಷಿಯ ಪಟ್ಟ ಕಟ್ಟಿದರು. ಇಲ್ಲಿ ಒಂದು ಸಂಗತಿ ಹೇಳಬೇಕು. ಭಾವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಪುತ್ತೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿಯಾಗಿತ್ತು, ಎಡಗಣ್ಣಿಗೆ ಸ್ವಲ್ಪ ಸಮಯ ಬಿಟ್ಟು ಬನ್ನಿ ಎಂದಿದ್ದರು. ಹಲ್ಲಿನ ಡಾಕ್ಟರು ಬಣ್ಣದ ಮಾದರಿಯ ಹಸಿರು ಚೀಟಿಯೊಂದನ್ನು ಹಿಡಿದು, ಇದೇ ಹೌದಾ ಎಂದು ಕೇಳಿದಾಗ ಭಾವ ಬಲಗಣ್ಣು ಮುಚ್ಚಿ ನೋಡಿ "ಹೌದು, ಇದೇ" ಎಂದರು. ಎಡಗಣ್ಣು ಮುಚ್ಚಿ ನೋಡಿ "ಛೆ, ಇದು ನೀಲಿ ಹೊಡೀತದೆ, ಅಲ್ಲವೇ ಅಲ್ಲ" ಎಂದರು. ಒಂದೇ ಚೀಟಿ, ಒಂದೇ ತಲೆ, ಎರಡು ತೀರ್ಪು. ಇಷ್ಟಾದ ಮೇಲಾದರೂ ಮನುಷ್ಯರಾದವರಿಗೆ ನಾಚಿಕೆಯಾಗಿ, ಯಾವುದಾದರೊಂದು ಹಸಿರನ್ನು ಬಳಿದು ಕೈತೊಳೆದುಕೊಳ್ಳಬೇಕಿತ್ತು. ಇವರು ಯಾವ ಕಣ್ಣನ್ನು ನಂಬುವುದೆಂದು ಸಭೆ ನಡೆಸಿದರು.

ಸಭೆಯ ನಿರ್ಣಯವನ್ನು ನಾನು ಕಿವಿಯಾರೆ ಕೇಳಿದ್ದೇನೆ, ಇಲ್ಲದಿದ್ದರೆ ನಂಬುತ್ತಿರಲಿಲ್ಲ. "ಬಲಗಣ್ಣಿನಲ್ಲಿರುವುದು ಪ್ಲಾಸ್ಟಿಕ್ ಲೆನ್ಸ್, ಮೊನ್ನೆ ಹಾಕಿದ್ದು. ಎಡಗಣ್ಣು ಒರಿಜಿನಲ್. ಅವತ್ತು ಕಾರನ್ನು ಕಂಡ ಕಣ್ಣು ಅದು" ಎಂದರು ಡಾಕ್ಟರು. ನಮ್ಮ ಯಜಮಾನರು ತಲೆದೂಗಿದರು. ಡಾಕ್ಟರು ಮುಂದುವರಿದು, ಯಾವ ಅಳುಕೂ ಇಲ್ಲದೆ, "ಗೌಡ್ರೆ, ಬಣ್ಣದ ಕೆಲಸ ಮುಗಿಯುವ ತನಕ ಎಡಗಣ್ಣಿನ ಆಪರೇಷನ್ ಸ್ವಲ್ಪ ಮುಂದೆ ಹಾಕಿದ್ರೆ ಆಗ್ಲಿಕ್ಕಿಲ್ವಾ?" ಎಂದರು. ಭಾವ, ನನ್ನ ಬಡಪಾಯಿ ಭಾವ, ತನ್ನನ್ನು ಇಷ್ಟು ಜನ ಇಷ್ಟು ಕಾಲದ ಮೇಲೆ ಏನನ್ನೋ ಕೇಳುತ್ತಿದ್ದಾರೆಂಬ ಸಂತೋಷದಲ್ಲಿ, "ಅದಕ್ಕೆಂತ ಅವಸರ? ಕಾರು ಆಗಲಿ, ಮತ್ತೆ ಕಣ್ಣು" ಎಂದುಬಿಟ್ಟರು.

ಯೋಚಿಸಿ ನೋಡಿ. ಪ್ರಾಯದಲ್ಲಿ ಆ ಹಸಿರನ್ನು ಕಂಡದ್ದು ನಿರ್ಮಲವಾದ ಕಣ್ಣು. ಅದೇ ಗುಳಿಯಲ್ಲಿ ಅದೇ ಗುಡ್ಡೆ ಕುಳಿತಿದೆಯೆಂಬುದನ್ನು ಬಿಟ್ಟರೆ ಇವತ್ತಿನ ಎಡಗಣ್ಣಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದರ ಮುಂದೆ ವರ್ಷಗಳ ಹಳದಿ ಪರದೆ ಇಳಿದಿದೆ, ಬಿಳಿ ಗೋಡೆಯೂ ಇದಕ್ಕೆ ಚಹಾ ಚೆಲ್ಲಿದ ವಸ್ತ್ರ. ಅಂದಿನಂತೆ ನೋಡಬಲ್ಲದ್ದು ಪ್ಲಾಸ್ಟಿಕ್ ಕೂರಿಸಿದ ಬಲಗಣ್ಣೇ. ಆದರೆ ಹಳೆಯದಾಗುತ್ತ ಬಂದದ್ದೆಲ್ಲ ಸತ್ಯ, ದುರಸ್ತಿಯಾದದ್ದೆಲ್ಲ ಸುಳ್ಳು ಎಂದು ಪಾಠ ಬಾಯಿಪಾಠವಾದವರಿಗೆ ಇದು ಹೊಳೆಯುವುದಾದರೂ ಹೇಗೆ? ನಾನು ಹೇಳಿದೆ, ಒಂದಲ್ಲ ಹಲವು ಸಲ ಹೇಳಿದೆ. "ನಿನಗೆ ಇದೆಲ್ಲ ಗೊತ್ತಾಗುದಿಲ್ಲ" ಎಂದು ನಮ್ಮ ಯಜಮಾನರು ಕೈಬೀಸಿದರು. ಜೀವನವಿಡೀ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದವಳಿಗೆ ಗೊತ್ತಾಗುವುದಿಲ್ಲವಂತೆ!

ಹಾಗೆ ಆಪರೇಷನ್ ಮುಂದೆ ಹೋಯಿತು, ಚಳಿ ಕಳೆದು ಸೆಕೆ ಬಂದರೂ ಮುಂದೆಯೇ ಹೋಗುತ್ತಿತ್ತು. ಎಡಗಣ್ಣು ಒಪ್ಪಿದ ಹಸಿರನ್ನು ಮಾದರಿಗೆಂದು ಕಾರಿನ ಡಿಕ್ಕಿ ಮುಚ್ಚಳಕ್ಕೆ ಬೇರೆ ಯಾರಿಂದಲೋ ಹೊಡೆಸಿದರು, ಒಣಗಿದ ಮೇಲೆ ಅದು ಹೌದೋ ಅಲ್ಲವೋ ಎಂದು ಮತ್ತೆ ಚರ್ಚೆಗೆ ಕುಳಿತರು. ಇತ್ತ ಭಾವ ಚೆಂಬಿನ ನೀರನ್ನು ಲೋಟದ ಹೊರಗೆ ಹೊಯ್ಯತೊಡಗಿದರು. ಒಂದು ಕಣ್ಣಿಗೆ ಕಂಡದ್ದು ಇನ್ನೊಂದಕ್ಕೆ ಕಾಣದೆ, ಹತ್ತಿರ ಯಾವುದು ದೂರ ಯಾವುದು ಎಂಬ ಅಂದಾಜೇ ಅವರಿಗೆ ತಪ್ಪಿತ್ತು. ಒಂದು ಸಂಜೆ ಜಗಲಿಯಿಂದ ಇಳಿಯುವಾಗ ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲು ಇರಲಿಲ್ಲ. ಹಣೆ ಒಡೆದು, ಬಿಳಿ ಬನಿಯನು ಕೆಂಪಾಗಿ, ಅಂಗಳದಲ್ಲಿ ಕೂತ ಅವರನ್ನು ಎತ್ತಿ, ಸೆರಗಿನಿಂದ ಹಣೆ ಒತ್ತಿ ಹಿಡಿದೆ. ಭಾವ ಮಾತ್ರ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ಸರೋಜ, ಹೀಗೆ ಆದ್ರೆ ನನ್ನನ್ನು ಕಾರು ಬಿಡ್ಲಿಕ್ಕೆ ಬಿಡುದಿಲ್ಲ ಅಲ್ವಾ?" ಎಂದರು. ಗಾಯಕ್ಕೆ ಬಟ್ಟೆ ಕಟ್ಟಿದೆ, ಸಿಟ್ಟನ್ನು ಕಟ್ಟಲಾಗಲಿಲ್ಲ.

ಭಾನುವಾರ ಡಾಕ್ಟರು ಸೇಬುಹಣ್ಣಿನ ಚೀಲ ಹಿಡಿದು ಕ್ಷೇಮ ವಿಚಾರಿಸಲು ಬಂದರು. ಚೀಲದ ಬದಿಯಿಂದ ಹಸಿರು ಚೀಟಿಗಳ ಕಟ್ಟು ಇಣುಕುತ್ತಿತ್ತು. ನನಗೆ ತಡೆಯಲಿಲ್ಲ.

"ಡಾಕ್ಟ್ರೆ, ಹುಳುಕು ಹಲ್ಲು ಹಿಡ್ಕೊಂಡು ನಿಮ್ಮಲ್ಲಿಗೆ ಬಂದವನಿಗೆ, ಇದು ಒರಿಜಿನಲ್ ಹಲ್ಲು, ಹಾಗೇ ಇರ್ಲಿ ಅಂತ ಹೇಳಿ ಕಳಿಸ್ತೀರಾ?"

"ಅದು ಬೇರೆ ಅಕ್ಕ" ಎಂದರು.

"ಎಂತ ಬೇರೆ? ನಿಮ್ಮ ಕಣ್ಣಿಗೆ ಪೊರೆ ಬಂದ್ರೆ ಕಾರಿಗೆ ಬೇಕು ಅಂತ ಇಟ್ಟುಕೊಳ್ತೀರಾ? ನಮ್ಮ ಭಾವ ನಿಮಗೆ ಎಂತ, ಬಣ್ಣದ ಡಬ್ಬಿಯಾ?"

ನಮ್ಮ ಯಜಮಾನರು "ಸರೋಜ, ಸುಮ್ಮನಿರು, ಬಂದವರ ಹತ್ರ ಹಾಗೆಲ್ಲ" ಎಂದು ನಡುವೆ ಬಂದರು. "ನೀವು ಮಾತಾಡ್ಬೇಡಿ. ಅಣ್ಣನ ಕಣ್ಣಿಗಿಂತ ಅಣ್ಣನ ಕಾರು ಹೆಚ್ಚಾದವರು ನೀವು" ಎಂದೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ, ನಮ್ಮ ಕಡೆಯ ಗೌಡರ ಮನೆಮಾತು. ಆಮೇಲೆ ಅದರಲ್ಲಿ ನಾನು ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ಮರುದಿನ ಭಾವನನ್ನು ನಾನೇ ಬಸ್ಸು ಹತ್ತಿಸಿ ಪುತ್ತೂರಿಗೆ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ಮುಖ ಗಂಟಿಕ್ಕಿದರು. ಪೊರೆ ಕಲ್ಲಿನಂತೆ ಗಟ್ಟಿಯಾಗಿದೆ, ಒಳಗೆ ಒತ್ತಡವೂ ಏರಿದೆ, ಸಕಾಲದಲ್ಲಿ ಬಂದಿದ್ದರೆ ಸಲೀಸಾಗಿ ಆಗುತ್ತಿದ್ದ ಕೆಲಸ ಈಗ ಸಲೀಸಲ್ಲ, ದೃಷ್ಟಿ ಎಷ್ಟು ಬರುತ್ತದೆಂದು ಮೊದಲೇ ಹೇಳಲಾಗದು ಎಂದರು. "ಇಷ್ಟು ದಿನ ಎಂತ ಮಾಡ್ತಾ ಇದ್ರಿ?" ಎಂದು ಗದರಿದಾಗ ನನಗೆ ಸುಳ್ಳು ಹೇಳಬೇಕೆನಿಸಲಿಲ್ಲ. "ಬಣ್ಣ ನೋಡ್ತಾ ಇದ್ರು" ಎಂದೆ. ತಮಾಷೆ ಮಾಡುತ್ತಿದ್ದೇನೆಂದು ಅವರಿಗೆ ಇನ್ನಷ್ಟು ಸಿಟ್ಟು ಬಂತು.

ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಎಡಗಣ್ಣಿಗೆ ಕಂಡದ್ದು ಬರೀ ಹೊಗೆ. ಊತ ಇಳಿಯಲಿ, ಕಾಯಬೇಕು ಎಂದರು. ಹೊತ್ತು ಹೊತ್ತಿಗೆ ಮದ್ದಿನ ಹನಿ ಬಿಡುತ್ತ, ಪ್ರತಿ ಸಲವೂ "ಈಗ ಎಂತ ಕಾಣ್ತದೆ ಭಾವ?" ಎಂದು ಕೇಳುತ್ತ, "ಹೊಗೆ" ಎಂಬ ಉತ್ತರ ಕೇಳುತ್ತ ನಾನು ಆ ದಿನಗಳನ್ನು ಕಳೆದ ಪರಿ ನನ್ನ ಶತ್ರುವಿಗೂ ಬೇಡ. ನಮ್ಮ ಯಜಮಾನರು ಶೆಡ್ಡಿನ ಕಡೆ ತಲೆಹಾಕಲಿಲ್ಲ, ಅನ್ನ ಸರಿಯಾಗಿ ಉಣ್ಣಲಿಲ್ಲ. ಉಣ್ಣಿ ಎಂದು ನಾನು ಒತ್ತಾಯ ಮಾಡಲೂ ಇಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದ ಭಾವ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಗೇಟಿನಾಚೆ ರಸ್ತೆಯಲ್ಲಿ ನಿಂತ ಬಸ್ಸನ್ನು ನೋಡಿ, "ಇದು ಮಂಡೆಕೋಲಿಗೆ ಹೋಗುದಲ್ವಾ? ಹೌದು, ಬೋರ್ಡಿನಲ್ಲಿ ಹಾಗೇ ಉಂಟು" ಎಂದರು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಹಿಡಿದು ಅತ್ತೆ.

ಇನ್ನು ಬಣ್ಣದ ಮಾತು ಮುಗಿಯಿತೆಂದು ನೀವು ತಿಳಿದರೆ, ಭಕ್ತರ ಸ್ವಭಾವ ನಿಮಗೆ ಗೊತ್ತಿಲ್ಲ. ಭಾವ ವಾಹನ ಬಿಡಬಹುದೆಂದು ಡಾಕ್ಟರಮ್ಮ ಹೇಳಿದ ಸುದ್ದಿ ತಿಳಿದ ಮರುದಿನವೇ ಹಲ್ಲಿನ ಡಾಕ್ಟರು ಹಾಜರು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡದೆ "ತಪ್ಪಾಯ್ತು ಅಕ್ಕ" ಎಂದರು. ನಾನು ಕಾಫಿ ಕೊಟ್ಟೆ, ಸಕ್ಕರೆ ಹಾಕಲಿಲ್ಲ. ಭಾವ ಅಂಗಳಕ್ಕಿಳಿದು, ತನ್ನ ಎಡಗಣ್ಣೇ ಆರಿಸಿದ ಹಸಿರು ಬಳಿದುಕೊಂಡಿದ್ದ ಡಿಕ್ಕಿ ಮುಚ್ಚಳವನ್ನು ಎರಡೂ ಕಣ್ಣು ಬಿಟ್ಟು ನೋಡಿದರು.

"ಎಂತ ಮಾರಾಯ್ರೆ ಇದು, ಅಡಿಕೆಗೆ ಮದ್ದು ಬಿಡ್ಲಿಕ್ಕೆ ಮೈಲುತುತ್ತು ಕಲಸಿದ ಹಾಗೆ ನೀಲಿ ಉಂಟು!"

"ಇದೇ ಅಂತ ನೀವೇ ಹೇಳಿದ್ದಲ್ವಾ ಗೌಡ್ರೆ?" ಡಾಕ್ಟರ ಸ್ವರ ಸಣ್ಣದಾಗಿತ್ತು.

"ನಾನಲ್ಲ ಹೇಳಿದ್ದು. ಪೊರೆ ಹೇಳಿದ್ದು."

 ಡಾಕ್ಟರು, ನಾಚಿಕೆಗಿಂತ ಹುಚ್ಚು ದೊಡ್ಡದೆಂದು ನನಗೆ ಖಾತ್ರಿಯಾಗುವಂತೆ, ಕಿಸೆಯಿಂದ ಚೀಟಿಗಳ ಕಟ್ಟು ತೆಗೆದು ಬಾನೆಟ್ಟಿನ ಮೇಲೆ ಒಂದೊಂದಾಗಿ ಹರಡತೊಡಗಿದರು. "ಈಗ ಎರಡೂ ಕಣ್ಣು ಸರಿ ಉಂಟಲ್ಲ, ಮೊದಲಿಂದ ಒಮ್ಮೆ ನೋಡುವ" ಎಂದರು. ನಮ್ಮ ಯಜಮಾನರು, ಅಷ್ಟು ದಿನ ಅನ್ನ ಬಿಟ್ಟವರು, ಮೆಲ್ಲಗೆ ಹತ್ತಿರ ಬಂದು ಬಗ್ಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಬಾಗಿಲು ತೆಗೆದು ಚಾಲಕನ ಸೀಟಿನಲ್ಲಿ ಕೂತಾಗಿತ್ತು. "ಸರೋಜ, ಹತ್ತು" ಎಂದರು. ನಾನು ಮನೆಯ ಸೀರೆಯಲ್ಲೇ ಹತ್ತಿದೆ. ಇಂಜಿನ್ ಗುಡುಗಿತು, ಕಾರು ಮೈನಡುಗಿಸಿಕೊಂಡಿತು, ಹಸಿರು ಚೀಟಿಗಳೆಲ್ಲ ಬಾನೆಟ್ಟಿನಿಂದ ಜಾರಿ ಅಂಗಳದ ತುಂಬ ಚೆದುರಿದವು.

"ಗೌಡ್ರೆ, ಬಣ್ಣ ಆಗಿಲ್ಲ! ಪ್ರೈಮರಿನಲ್ಲಿ ಪೇಟೆಗೆ ಹೋಗುದಾ? ಯಾವ ಬಣ್ಣ ಅಂತ ಒಮ್ಮೆ ನೋಡಿ ಹೇಳಿ ಹೋಗಿ!" ಡಾಕ್ಟರು ಚೀಟಿ ಹೆಕ್ಕುತ್ತ ಕೂಗಿದರು.

ಭಾವ ಕನ್ನಡಿ ಸರಿಮಾಡಿ, ಗೇರು ಹಾಕಿ, ಗೇಟಿನಾಚೆ ದಿಟ್ಟಿಸಿದರು.

"ಬಣ್ಣ ನೀವು ನೋಡ್ತಾ ಇರಿ ಡಾಕ್ಟ್ರೆ" ಎಂದರು. "ನಾನು ರಸ್ತೆ ನೋಡ್ತೇನೆ."